ಹೂಳು, ಗೋಡು

ಬಟ್ಟೆಗೆ ಹತ್ತಿದ್ದು ಕೊಳೆ, ಬೀದಿಯಲ್ಲಿ ಬಿದ್ದದ್ದು ಕಸ, ಮಳೆಗಾಲದಲ್ಲಿ ಕಾಲಿಗೆ ಮೆತ್ತಿದ್ದು ಕೆಸರು. ಕೆರೆಯ ತಳದಲ್ಲಿ ಕೂತದ್ದು ಹೂಳು. ಮಣ್ಣಿನಲ್ಲಿ ಮುಚ್ಚುವುದನ್ನು ಹೇಳುವ ಕ್ರಿಯಾಪದವೇ ಇಲ್ಲಿ ನಾಮಪದವಾಗಿದೆ. ಹಳಗನ್ನಡದಲ್ಲಿ ಅದರ ಮೊದಲ ಅಕ್ಷರ ಪಕಾರ. ಕೊಳೆಗೆ ಇಂಗ್ಲಿಷಿನಲ್ಲಿ ಹೇಳುವ ‘ಡರ್ಟ್’ ಮೂಲದಲ್ಲಿ ಮಲ; ಅಮೆರಿಕದಲ್ಲಿ ಈಗ ಹೊಲದ ಮಣ್ಣಿಗೂ ಅದೇ ಹೆಸರು. ಕನ್ನಡ ಮಣ್ಣನ್ನು ಹಾಗೆ ಹೇಸಿಗೆಯ ಜೊತೆ ಸೇರಿಸಲಿಲ್ಲ, ಅದು ನನಗೆ ಹೆಮ್ಮೆ.

ಗೊರೂರಿನ ಹೇಮಾವತಿ ಜಲಾಶಯದ ಮಾತು ಬಂದರೆ ಹೂಳು ಎನ್ನುತ್ತೇವೆ: ನೀರಿನ ಜಾಗ ತಿನ್ನುವಂಥದ್ದು. ಚನ್ನರಾಯಪಟ್ಟಣದ ಕಡೆಯ ಕೆರೆ ಬತ್ತಿ, ಅದೇ ಮಣ್ಣು ಬೇಸಿಗೆಯಲ್ಲಿ ಗಾಡಿ ಏರಿದರೆ ಗೋಡು. ತೆಂಗಿನ ಬುಡಕ್ಕೆ, ರಾಗಿ ಹೊಲಕ್ಕೆ ಅದನ್ನು ಹೊಡೆಸುತ್ತಾರೆ. ನುಣ್ಣನೆಯ ಜೇಡಿ ಬೆರೆತ ಕೆಂಪು ಮರಳು ನೆಲ ತೇವವನ್ನು ಹೆಚ್ಚು ದಿನ ಹಿಡಿದುಕೊಳ್ಳುತ್ತದೆ.