ಹಣವೂ ಮಾತೂ: ಒಂದು ಮೂಕಿಚಿತ್ರದ ವಿಚಾರ

ಹಣವೆಂದರೆ ಹೆಣವೂ ಬಾಯಿ ಬಿಡುತ್ತದೆಂಬ ಗಾದೆ ನಮ್ಮಲ್ಲಿ ಹಳೆಯದು. ಹಾಗೆ ಬಿಟ್ಟ ಬಾಯಿಂದ ಎಂಥ ಮಾತು ಹೊರಡುವುದೆಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಹೇಳಿದುದು ಮಾತೇ ಇಲ್ಲದ ಒಂದು ಚಿತ್ರ: 1925ರಲ್ಲಿ ಅಮೆರಿಕದಲ್ಲಿ ತೆರೆಕಂಡ, ಬಸ್ಟರ್ ಕೀಟನ್ ತಾನೇ ನಿರ್ದೇಶಿಸಿ ನಾಯಕನಾಗಿ ನಟಿಸಿದ 'ಸೆವೆನ್ ಚಾನ್ಸಸ್'.

ಇದರ ಮೂಲ, ರಾಯ್ ಕೂಪರ್ ಮೆಗ್ರೂ ಬರೆದು 1916ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾದ ನಾಟಕ. ನಿರ್ಮಾಪಕ ಜೋಸೆಫ್ ಷೆಂಕ್ ಅದರ ಹಕ್ಕನ್ನು ಕೊಂಡನು. ಕೀಟನ್ನನಿಗೆ ಕಥೆ ಹಿಡಿಸಿರಲಿಲ್ಲ. ಆದರೂ ಅದನ್ನು ತನ್ನದಾಗಿ ಮಾಡಿಕೊಂಡನು.

ಮೊದಲ ದೃಶ್ಯ ಆ ಕಾಲದ ಎರಡು ಬಣ್ಣಗಳ ಟೆಕ್ನಿಕಲರ್‌ನಲ್ಲಿದೆ. ಋತುಗಳು ಉರುಳುತ್ತವೆ, ಬೇಲಿಯ ಬಳಿಯ ನಾಯಿಮರಿ ಬೆಳೆದು ಭಾರೀ ನಾಯಿಯಾಗುತ್ತದೆ. ಜಿಮ್ಮಿ ಷ್ಯಾನನ್ ಮಾತ್ರ ಮೇರಿಗೆ ತನ್ನ ಪ್ರೀತಿಯನ್ನು ಹೇಳಲಾರ. ಷೇರು ದಲ್ಲಾಳಿಯಾದ ಅವನ ವ್ಯಾಪಾರ ದಿವಾಳಿಯ ಅಂಚಿನಲ್ಲಿದೆ. ಅಷ್ಟರಲ್ಲಿ ತಾತನ ಉಯಿಲು ಬರುತ್ತದೆ: 27ನೆಯ ಹುಟ್ಟುಹಬ್ಬದ ಸಂಜೆ 7 ಗಂಟೆಯೊಳಗೆ ಮದುವೆಯಾದರೆ 70 ಲಕ್ಷ ಡಾಲರ್. ಹುಟ್ಟುಹಬ್ಬ ಅಂದೇ! ಈಗ ಬಾಯಿ ಬರುತ್ತದೆ. ಮೇರಿ ಸಂತೋಷದಿಂದ ಒಪ್ಪುತ್ತಾಳೆ. ಆದರೆ ಜಿಮ್ಮಿ ವಿವರಿಸಲು ಹೊರಟು, ಇಂದು ಯಾರಾದರೊಬ್ಬ ಹುಡುಗಿಯನ್ನು ಮದುವೆಯಾಗಲೇಬೇಕೆಂಬ ಅರ್ಥ ಬರುವಂತೆ ನುಡಿದುಬಿಡುತ್ತಾನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇರಿ ನಿರಾಕರಿಸುತ್ತಾಳೆ. ಆಕೆಗೆ ನೋವಾದುದು ಹಣದಿಂದಲ್ಲ, 'ಯಾರಾದರೊಬ್ಬ' ಎಂಬ ನುಡಿಯಿಂದ ಎಂಬುದನ್ನು ನಾವು ಗಮನಿಸಬೇಕು.

ಬಳಿಕ ಪಾಲುದಾರನು ಪರಿಚಯದ ಏಳು ಹೆಂಗಸರ ಪಟ್ಟಿ ಮಾಡಿಕೊಡುತ್ತಾನೆ. ಒಬ್ಬಳೂ ಒಪ್ಪುವುದಿಲ್ಲ. ಸುದ್ದಿ ಪತ್ರಿಕೆಗೆ ಬಿದ್ದೊಡನೆ ನೂರಾರು ಹೆಂಗಸರು ಮದುವಣಗಿತ್ತಿಯರಾಗಿ ಚರ್ಚಿಗೆ ನುಗ್ಗುತ್ತಾರೆ. ಯಾರಾದರೂ ಸರಿಯೆಂದವನನ್ನು, ಅವನು ಯಾರಾದರೂ ಸರಿಯೆನ್ನುವವರೇ ಬೆನ್ನಟ್ಟುತ್ತಾರೆ. ಕೀಟನ್ನನ ಹಾಸ್ಯದ ತೂಕ ಇಲ್ಲಿದೆ; ಪ್ರತೀಕಾರವೇ ನಗೆಯಾಗಿದೆ.

ಬೆಟ್ಟದ ಇಳಿಜಾರಿನ ಓಟಕ್ಕೂ ಒಂದು ಇತಿಹಾಸವುಂಟು. ಪೂರ್ವಪ್ರದರ್ಶನದಲ್ಲಿ, ಅವನ ಕಾಲಿಗೆ ತಗುಲಿ ಎರಡು ಮೂರು ಕಲ್ಲುಗಳು ಉರುಳಿದಾಗ ಜನ ಗೊಳ್ಳೆಂದು ನಕ್ಕರಂತೆ. ಕೀಟನ್ ಕೂಡಲೇ ಕಾಗದದ ಮುದ್ದೆ, ತಂತಿಬಲೆಗಳಿಂದ ಸುಮಾರು 1,500 ಹುಸಿಬಂಡೆಗಳನ್ನು ಮಾಡಿಸಿ ಆ ಭಾಗವನ್ನು ಮತ್ತೆ ಚಿತ್ರಿಸಿದನು. ಪ್ರೇಕ್ಷಕರ ನಗುವನ್ನು ಪಾಠವಾಗಿ ಸ್ವೀಕರಿಸುವ ಈ ಗುಣ ಅಧ್ಯಾಪಕರಾದ ನಮಗೂ ಮೆಚ್ಚುಗೆಯಾಗಬೇಕಾದುದು.

ಚಿತ್ರ ನಿರ್ದುಷ್ಟವೇನಲ್ಲ. ಬಿಳಿಯ ನಟನೊಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡು ಸೇವಕನಾಗಿದ್ದಾನೆ. ವರ್ಣಭೇದದ ಆ ಹಾಸ್ಯ ಇಂದು ಲಜ್ಜೆಯನ್ನೇ ತರುತ್ತದೆ.

ಕೊನೆಗೆ ಜಿಮ್ಮಿ ಮೇರಿಯ ಮನೆ ಮುಟ್ಟುವಾಗ ಹೊತ್ತು ಮೀರಿತೆಂದು ಕಾಣುತ್ತದೆ. ಹಣವಿಲ್ಲದಿದ್ದರೂ ಮದುವೆಯಾಗುವೆನೆನ್ನುತ್ತಾಳೆ ಮೇರಿ. ತನ್ನ ಅಪಮಾನದಲ್ಲಿ ಆಕೆಯನ್ನು ಪಾಲುಗೊಳಿಸಲು ಅವನು ಒಪ್ಪುವುದಿಲ್ಲ. ಅಂದಿನ ದಿನದಲ್ಲಿ ಅವನು ತನಗಿಂತ ಮೊದಲು ಆಕೆಯನ್ನು ನೆನೆದುದು ಅಲ್ಲಿಯೇ. ಚರ್ಚಿನ ಗಡಿಯಾರದಲ್ಲಿ ಇನ್ನೂ ಏಳಾಗಿಲ್ಲವೆಂಬುದು ತಿಳಿಯುವುದು ಆಮೇಲೆ.

ಮೂಕಿಚಿತ್ರದ ಬರಹದ ಫಲಕಗಳನ್ನಷ್ಟೇ ಬದಲಿಸಿದರೆ ಅದು ಯಾವ ನಾಡಿಗೂ ಸಲ್ಲುತ್ತಿತ್ತು. ಎರಡು ಮೂರು ಭಾಷೆಗಳ ನಡುವೆ ಬಾಳುವ ನಮ್ಮಂಥವರಿಗೆ ಅದು ಸಣ್ಣ ಸಂಗತಿಯಲ್ಲ. ಫಲಕವನ್ನು ಓದಲಾರದವನೂ ಮೇರಿಯ ಮುಖ ಬಾಡಿದ ಗಳಿಗೆಯಲ್ಲಿ, ಜಿಮ್ಮಿ ಆಡಬಾರದುದನ್ನು ಆಡಿದನೆಂದು ಅರಿಯಬಲ್ಲನು.