ದುರ್ಗದ ಸೀಮೆಯಲ್ಲಿ ವರ್ಷದ ಲೆಕ್ಕ

ಚಿತ್ರದುರ್ಗದ ಕೋಟೆ ಹೈದರಾಲಿಯ ವಶವಾದದ್ದು ಕ್ರಿ.ಶ. 1779ರಲ್ಲಿ. ಆ ವರ್ಷದ ಯುಗಾದಿಗೆ ಶಾಲಿವಾಹನ ಶಕ 1701, ವಿಕಾರಿ ಸಂವತ್ಸರ ಮೊದಲಾಯಿತು; ಕಲಿಯುಗದಲ್ಲಿ 4880 ವರ್ಷ ಸಂದಿದ್ದವು. ಹಿಜರಿ ಲೆಕ್ಕದಲ್ಲಿ ಅದು 1193. ಹಿಜರಿ ವರ್ಷ ಅಪ್ಪಟ ಚಾಂದ್ರಮಾನದ್ದು, ಸುಮಾರು 354 ದಿನಗಳದ್ದು. ಹಾಗಾಗಿ ಉಳಿದವುಗಳೊಡನೆ ಅದರ ಅಂತರ ಎಂದೂ ಒಂದೇ ಆಗಿ ಉಳಿಯದು.

ಅಶೋಕನ ಕಾಲಕ್ಕೆ ಇವು ಯಾವುವೂ ಬಳಕೆಯಲ್ಲಿರಲಿಲ್ಲ. ಅವನು ತನ್ನ ಪಟ್ಟಾಭಿಷೇಕದಿಂದ ವರ್ಷ ಎಣಿಸಿದ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಶಾಸನದಲ್ಲಿ 256 ಎಂಬ ಅಂಕಿಯಿದೆ. ಬುದ್ಧನಿರ್ವಾಣದಿಂದ ಕಳೆದ ವರ್ಷಗಳೆಂದು ಹಿಂದೆ ಕೆಲವು ವಿದ್ವಾಂಸರು ಓದಿದ್ದರು. ಅರಸನು ಸಂಚಾರದಲ್ಲಿ ಕಳೆದ ರಾತ್ರಿಗಳ ಎಣಿಕೆ ಎಂಬುದು ಈಗ ಹೆಚ್ಚಿನವರು ಒಪ್ಪುವ ಅರ್ಥ. ಎಲ್ಲಿಂದ ಎಣಿಸಿದ್ದೆಂದು ಹೇಳದ ಅಂಕಿಯ ಪಾಡು ಇದು.

ಮುಂದೆ ಕನ್ನಡನಾಡಿನ ಶಾಸನಗಳಲ್ಲಿ ಶಕವರ್ಷ ನೆಲೆಯೂರಿತು. 1076ರಲ್ಲಿ ಪಟ್ಟವೇರಿದ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಅದನ್ನು ಬದಿಗೊತ್ತಿ, ಚಾಲುಕ್ಯ ವಿಕ್ರಮ ವರ್ಷವನ್ನು ನಡೆಸಿದ. ಶಕ 998ರ ನಳ ಸಂವತ್ಸರವೇ ಅದರ ಮೊದಲ ವರ್ಷ. ಶಾಸನದಲ್ಲಿ ವಿಕ್ರಮ ವರ್ಷ 33, ಸರ್ವಧಾರಿ ಎಂದಿದ್ದರೆ 1075 ಕೂಡಿಸಿ 1108 ಎಂದು ತಿಳಿಯಬೇಕು. ಶಕವರ್ಷವನ್ನು ಕೆಲವರು ಸಂದ ವರ್ಷವಾಗಿ, ಕೆಲವರು ನಡೆಯುವ ವರ್ಷವಾಗಿ ಬರೆದದ್ದರಿಂದ ಒಂದರ ವ್ಯತ್ಯಾಸ ಆಗಾಗ ತಲೆದೋರುತ್ತದೆ. ಆಗ ಗೊಂದಲ ಬಿಡಿಸುವುದು ಸಂವತ್ಸರದ ಹೆಸರೇ. ಅರವತ್ತು ವರ್ಷಕ್ಕೊಮ್ಮೆ ಮರಳುವ ಈ ಹೆಸರು ಒಂಟಿಯಾಗಿ ಸಾಲದು, ಅಂಕಿಯ ಜೊತೆಗಿದ್ದರೆ ಅದರಷ್ಟು ನಂಬಿಕಸ್ತ ಸಾಕ್ಷಿ ಇನ್ನೊಂದಿಲ್ಲ. ವಿಕ್ರಮಾದಿತ್ಯನ ಶಕೆಯಾದರೋ ಚಾಲುಕ್ಯರೊಡನೆಯೇ ಮರೆಯಾಯಿತು.

ಟಿಪ್ಪು ಸುಲ್ತಾನನ ಪ್ರಯೋಗದ ಆಯುಸ್ಸು ಇನ್ನೂ ಕಡಿಮೆ. ಹಿಜರಿಯನ್ನು ಬಿಟ್ಟು ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ವರ್ಷವನ್ನು ಅವನು ಜಾರಿಗೆ ತಂದ. 1787 ಅದರಲ್ಲಿ 1215. ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅರವತ್ತು ಹೆಸರುಗಳ ಚಕ್ರವನ್ನು ಮಾತ್ರ ಅವನೂ ಬಿಡಲಿಲ್ಲ, ಹೊಸ ಹೆಸರಿಟ್ಟು ಉಳಿಸಿಕೊಂಡ.

ಈಗ ಚಿಕ್ಕಜಾಜೂರು ಜಂಕ್ಷನ್ನಿನ ರೈಲು ಟಿಕೆಟ್ಟಿನ ಮೇಲೆ ಕ್ರಿಸ್ತಶಕದ ದಿನಾಂಕ, ಸುತ್ತಲಿನ ಊರುಗಳ ಲಗ್ನಪತ್ರಿಕೆಯಲ್ಲಿ ಸಂವತ್ಸರದ ಹೆಸರು. ಭಾರತ ಸರ್ಕಾರ 1957ರ ಮಾರ್ಚ್ 22ನ್ನು ಶಕ 1879ರ ಚೈತ್ರ 1 ಎಂದು ಗೊತ್ತುಮಾಡಿ ರಾಷ್ಟ್ರೀಯ ಪಂಚಾಂಗ ಆರಂಭಿಸಿತು. ಅದರ ವರ್ಷ ಮಾರ್ಚ್ 22ಕ್ಕೆ, ಅಧಿಕ ವರ್ಷದಲ್ಲಿ 21ಕ್ಕೆ ಹುಟ್ಟುತ್ತದೆ. ಯುಗಾದಿ ಚಂದ್ರನನ್ನು ಅನುಸರಿಸುವುದರಿಂದ, ಶಕದ ಅಂಕಿ ಒಂದೇ ಆದರೂ ಎರಡರ ಹೊಸವರ್ಷ ಬೇರೆ ಬೇರೆ ದಿನ ಬರುವುದೇ ಹೆಚ್ಚು.