ಆಯಿಯ ಡಬ್ಬಿಯೊಳಗಿನ ಹಲಸಿನ ಅಳಂಬಿ

ಈ ಸಲ ಬೀಜ, ಗೊಬ್ಬರ, ರೇಟಿನ ಮಾತು ಬಿಟ್ಟು ಅಳಂಬಿ ಬಗ್ಗೆ ಬರೀತೀನಿ. ಅದಕ್ಕ ಕಾರಣ ಐತಿ.

ಹೋದ ತಿಂಗಳು ನಮ್ಮ ಸೋದರಮಾವನ ಮನಿಗೆ ಹೋಗಿದ್ದೆ. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರಿ ಕಾಯಿಲೆ. ಕಾಲಿನ ಹೆಬ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ಮಾಡದಾಗ ದವಾಖಾನಿ ಗುಳಿಗಿ ಇರೋ ಜಾಗದಲ್ಲಿ ಒಂದು ಹೊಸ ಬಾಟ್ಲಿ ಇತ್ತು.

"ಮಾವಾ, ಗುಳಿಗಿ ಎಲ್ಲಿ ಅದಾವ್ರಿ?" ಅಂದೆ.

"ಬಿಟ್ಟೇನಿ ನೋಡಪಾ. ಇದು ಅಳಂಬಿ ಪುಡಿ. ಚೀನಾದ ರಾಜರು ತಿಂತಿದ್ರಂತ. ಸಕ್ಕರಿ, ಬಿಪಿ, ಕ್ಯಾನ್ಸರ್, ಎಲ್ಲಾದಕ್ಕೂ ಇದೊಂದ ಸಾಕಂತ. ನಮ್ಮವ್ವನೂ ಅಳಂಬಿ ಔಷಧ ಇಟ್ಟಿದ್ದಳಲ್ಲ, ನೀನ ನೋಡೀಯಲ್ಲ!"

ಮಾವ ಹೇಳಿದ್ದು ಖರೆ. ಅವರ ಅವ್ವ ಅಂದರ ನನ್ನ ಆಯಿ. ಆಕಿ ಇಟ್ಟಿದ್ದಳು, ನಾನೂ ನೋಡಿದೀನಿ. ಆದರ ಆಯಿಯ ಡಬ್ಬಿಗೂ ಈ ಬಾಟ್ಲಿಗೂ ಸಂಬಂಧ ಏನು? ಅದನ್ನ ಹುಡುಕಿಕೊಂಡು ಹೋದಾಗ ತಿಳಿದ ಇತಿಹಾಸ ಇದು.

ನಮ್ಮ ಭಾಗದ ನೆಲ ನಿಮಗೆಲ್ಲ ಗೊತ್ತೇ ಇದೆ. ಸವದತ್ತಿ, ರಾಮದುರ್ಗದ ಕಡೆ ಅಳಂಬಿ ಅಂದರ ಮಳಿ ಬಿದ್ದ ಮ್ಯಾಲೆ ಹುತ್ತದ ಸುತ್ತ ಏಳೋದು. ಅದು ಪಲ್ಯದ ಸಾಮಾನು. ಬೈಲಹೊಂಗಲ ದಾಟಿ ಕಿತ್ತೂರ ಕಡೆ ಹೋದಂಗ ಹಸಿರು ಹೆಚ್ಚಾಗ್ತದ, ಅದರಾಚೆ ಖಾನಾಪುರದ ಅಡವಿ. ಅಲ್ಲಿ ಹಳೆಯ ಹಲಸಿನ ಮರಗಳಿದಾವ, ಅಂಥ ಮರದ ಬೊಡ್ಡಿಗೆ ಇನ್ನೊಂದು ಥರದ ಅಳಂಬಿ ಕೂತಿರ್ತದ. ಕೊಡಿ ಇಲ್ಲ, ಕಾಲಿಲ್ಲ. ಕುದುರಿ ಗೊರಸನ್ನ ಮರಕ್ಕ ಅಂಟಿಸಿದಂಗ ಕಾಣ್ತದ. ಮ್ಯಾಲೆ ಕರ್ರಗ ಬಿರುಕು ಬಿಟ್ಟಿರ್ತದ, ಒಳಗ ಕಂದು. ಕಟ್ಟಿಗಿಯಷ್ಟು ಗಟ್ಟಿ, ಕೊಡಲಿ ಇಲ್ಲದ ಬರೋದಿಲ್ಲ. ವರ್ಷ ವರ್ಷ ಕೆಳಗ ಒಂದೊಂದು ಪದರು ಕೂಡಿಸ್ಕೋತ ಬೆಳೀತದ.

ಆಯಿಯ ತವರುಮನಿ ಖಾನಾಪುರದ ಕಡೆ. ಅಲ್ಲಿಂದ ತಂದ ಒಂದು ತುಂಡು ಆಕಿಯ ತಗಡಿನ ಡಬ್ಬಿಯೊಳಗ ಬಜಿ, ಜಾಯಿಕಾಯಿ, ಅಳಲೆಕಾಯಿ ಜೊತಿಗೆ ಇರ್ತಿತ್ತು. ಕೂಸಿನ ಬಾಯಾಗ ಹುಣ್ಣಾದರ, ಜೊಲ್ಲು ನಿಲ್ಲದಿದ್ದರ ಸಾಣಿಕಲ್ಲ ಮ್ಯಾಲೆ ನಾಕು ಹನಿ ನೀರು ಹಾಕಿ ಆ ತುಂಡನ್ನ ಎರಡು ಸುತ್ತು ತೇಯುತ್ತಿದ್ದಳು. ಬೆರಳ ತುದಿಯಿಂದ ವಸಡಿಗೆ ಸವರುತ್ತಿದ್ದಳು. ಅಷ್ಟೇ. ಒಂದು ತುಂಡು ಇಡೀ ಓಣಿಯ ಕೂಸುಗಳಿಗೆ ಎಷ್ಟೋ ವರ್ಷ ಬಂತು.

ಇದು ಬರೀ ನಮ್ಮ ಆಯಿಯ ವಿದ್ಯೆ ಅಂತ ತಿಳಿದಿದ್ದೆ. ಅಲ್ಲ. ಕೊಂಕಣ, ಗೋವಾ, ಘಟ್ಟದ ಸಾಲಿನ ಉದ್ದಕ್ಕೂ ಇದು ಇತ್ತು. ಮರಾಠಿಯಲ್ಲಿ ಫಣಸ ಅಳಂಬೆ, ಫಣಸಾಂಬಾ ಅಂತಾರೆ. ನಮ್ಮ ಜಿಲ್ಲೆ 1956ರ ತನಕ ಮುಂಬಯಿ ಸರ್ಕಾರದ ಕೆಳಗೇ ಇತ್ತಲ್ಲ. ಆ ಮುಂಬಯಿಯ ಸರ್ಕಾರಿ ಔಷಧ ಉಗ್ರಾಣದಲ್ಲಿ ವಿಲಿಯಂ ಡೈಮಾಕ್ ಅನ್ನೋ ಇಂಗ್ಲಿಷ್ ಅಧಿಕಾರಿ ಇದ್ದರು. 1880-90ರ ದಶಕದಲ್ಲಿ ಪಶ್ಚಿಮ ಭಾರತದ ಔಷಧಗಳ ಬಗ್ಗೆ ದೊಡ್ಡ ಪುಸ್ತಕಗಳನ್ನ ಬರೆದರು. ಅವರ ಕಾಲದ ಬರಹಗಳಲ್ಲಿ ಈ ಹಲಸಿನ ಅಳಂಬಿಯೂ ಇದೆ: ನೀರಲ್ಲಿ ತೇಯ್ದು ವಸಡಿಗೆ ಹಚ್ಚೋದು, ಜೊಲ್ಲು ಕಡಿಮೆ ಮಾಡೋದು, ಮಕ್ಕಳ ಬಾಯಿಹುಣ್ಣಿಗೆ ಬಳಸೋದು, ಭೇದಿಗೆ ಕೊಡೋದು. ಓದಿದಾಗ ಆಯಿಯೇ ಕೂತು ಬರೆಸಿದಂಗ ಅನಿಸಿತು.

ಆದರ ಆ ಕಾಲದ ಸಾಹೇಬರು ಇದಕ್ಕ ಹಾಕಿದ ಶಾಸ್ತ್ರೀಯ ಹೆಸರು ತಪ್ಪು. ಇದನ್ನ ಚಿಪ್ಪಿನ ಅಣಬೆ ಅಂತ ಗುರುತಿಸಿದರು. ಅಂದರ ಇವತ್ತು ಹುಲ್ಲಿನ ಚೀಲದಲ್ಲಿ ಬೆಳೆಸಿ ಪೇಟೆಗೆ ಕಳಿಸ್ತೀವಲ್ಲ, ಆ ಮೆತ್ತನ ಅಣಬೆ! ಗೊರಸಿನಂಥಾ ಈ ಅಳಂಬಿ ಫೆಲ್ಲಿನಸ್ ಅನ್ನೋ ಬೇರೆ ಕುಲದ್ದು ಅಂತ ಪುಣೆಯ ಸಂಶೋಧಕರು ಬರೆದದ್ದು 1990ರ ದಶಕದಲ್ಲಿ. ನೂರು ವರ್ಷ ಪುಸ್ತಕದಾಗ ಹೆಸರು ತಪ್ಪಿತ್ತು. ಆಯಿಗೆ ಮಾತ್ರ ತಪ್ಪಲಿಲ್ಲ, ಯಾಕಂದರ ಆಕಿ ಹೆಸರು ನೋಡ್ತಿರಲಿಲ್ಲ, ಯಾವ ಗಿಡದ ಮ್ಯಾಲೆ ಬೆಳೆದೈತಿ ಅನ್ನೋದನ್ನ ನೋಡ್ತಿದ್ದಳು. ಸುಶ್ರುತ ಸಂಹಿತೆಯೂ ಅಣಬೆಗಳನ್ನ ಹಂಗೇ ವಿಂಗಡಿಸಿದೆ: ಹುಲ್ಲಿನ ಮೇಲೆ ಬೆಳೆದದ್ದು, ಕಬ್ಬಿನ ಮೇಲಿನದು, ಸೆಗಣಿಯದು, ಬಿದಿರಿನದು, ನೆಲದ್ದು. ಒಂದೊಂದಕ್ಕೂ ಒಂದೊಂದು ಗುಣ ಹೇಳಿದೆ. ಎಲ್ಲ ಅಳಂಬಿಯೂ ಔಷಧ ಅಂತ ಹೇಳಿಲ್ಲ.

ಈಗ ಮಾವನ ಬಾಟ್ಲಿಗೆ ಬರೋಣ. ಅದರೊಳಗಿನದು ಹಲಸಿನ ಅಳಂಬಿ ಅಲ್ಲ, ಗ್ಯಾನೋಡರ್ಮಾ. ಚೀನಾದಲ್ಲಿ ಇದಕ್ಕ ಲಿಂಗ್‌ಝಿ ಅಂತಾರೆ. ಸುಮಾರು 2000 ವರ್ಷ ಹಳೆಯ ಅವರ ಔಷಧ ಗ್ರಂಥದಲ್ಲಿ ಆಯುಷ್ಯ ಹೆಚ್ಚಿಸೋ ಮದ್ದು ಅಂತ ಇದೆ. ಅಡವಿಯಲ್ಲಿ ಅಪರೂಪ, ಅದಕ್ಕೇ ರಾಜರ ಪಾಲು. 1970ರ ದಶಕದಲ್ಲಿ ಜಪಾನಿನವರು ಇದನ್ನ ದೊಡ್ಡ ಪ್ರಮಾಣದಲ್ಲಿ ಬೆಳೆಸೋದನ್ನ ಕಲಿತರು. ಆಮೇಲೆ ಪುಡಿಯಾಯ್ತು, ಕಾಫಿಯಾಯ್ತು, ಒಬ್ಬರಿಂದ ಒಬ್ಬರಿಗೆ ಸರಪಳಿ ವ್ಯಾಪಾರದಲ್ಲಿ ನಮ್ಮೂರ ತನಕ ಬಂತು.

ಇದೇ ಕುಲದ ಅಳಂಬಿ ನಮ್ಮ ರಾಜ್ಯದ ರೈತರಿಗೆ ವೈರಿ. ಮಲೆನಾಡಿನ ಅಡಿಕಿ ತೋಟದವರು ಅಣಬೆ ರೋಗ ಅಂತ ಹೆದರೋದು ಇದಕ್ಕೇ. ಮಣ್ಣಿನಿಂದ ಬೇರಿಗೆ ಹತ್ತಿ, ಮರ ಸೊರಗಿದ ಮ್ಯಾಲೆ ಬುಡದಲ್ಲಿ ಕೆಂಪು ಮಿಂಚಿನ ಅಣಬೆ ಹೊರಗ ಬರ್ತದ. ತಮಿಳುನಾಡಿನಲ್ಲಿ 1952ರ ಚಂಡಮಾರುತದ ನಂತರ ತೆಂಗಿಗೆ ಹತ್ತಿದ ಇದೇ ಬ್ಯಾನಿಗೆ ತಂಜಾವೂರು ಸೊರಗು ರೋಗ ಅಂತ ಹೆಸರು ಬಂತು. ಒಂದು ಕಡೆ ಅಮೃತ, ಇನ್ನೊಂದು ಕಡೆ ತೋಟದ ಶನಿ.

ಹಂಗಾದರ ಅಳಂಬಿಯಲ್ಲಿ ಔಷಧ ಗುಣ ಇಲ್ಲೇನು? ಐತಿ. 1928ರಲ್ಲಿ ಫ್ಲೆಮಿಂಗ್ ಕಂಡ ಪೆನ್ಸಿಲಿನ್ ಬಂದದ್ದು ಬೂಸರಿನಿಂದ, ಅದೂ ಅಳಂಬಿಯ ಬಳಗದ್ದೇ. ಸಕ್ಕರಿ ಕಾಯಿಲೆಯ ಬಹಳ ಮಂದಿ ಕೊಬ್ಬು ಇಳಿಸಲಿಕ್ಕೆ ತಗೊಳ್ಳೋ ಸ್ಟ್ಯಾಟಿನ್ ಗುಳಿಗಿಯ ಮೂಲ, 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೋ ಬೂಸರಿನಲ್ಲಿ ಕಂಡುಹಿಡಿದ ಸತ್ವ. ನಮ್ಮ ಹಲಸಿನ ಅಳಂಬಿಯ ದಾಯಾದಿ ಒಂದು ಹಿಪ್ಪುನೇರಳೆ ಮರದ ಮೇಲೆ ಬೆಳೀತದ. 1968ರಲ್ಲಿ ಟೋಕಿಯೋದವರು ಅದರ ರಸವನ್ನ ಇಲಿಗಳಿಗೆ ಕೊಟ್ಟಾಗ ಗಡ್ಡೆ ಬಹಳ ಕುಗ್ಗಿತು. ಆದರ ಇಲಿಯಿಂದ ಮನುಷ್ಯನ ತನಕ ದಾರಿ ಬಹಳ ದೂರ. ಪೆನ್ಸಿಲಿನ್ ಆ ದಾರಿ ನಡೆದು ಬಂತು. ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಅನ್ನೋದು ಅಳತಿ ಮಾಡಿ ಗೊತ್ತಾಯ್ತು.

ಮಾವನ ಪುಡಿ ಆ ದಾರಿ ನಡೆದಿಲ್ಲ. ಸಕ್ಕರಿ ಕಾಯಿಲೆಯವರಿಗೆ ಗ್ಯಾನೋಡರ್ಮಾ ಕೊಟ್ಟು ನೋಡಿದ ಪ್ರಯೋಗಗಳನ್ನೆಲ್ಲ ಕೊಕ್ರೇನ್ ಅನ್ನೋ ಸಂಸ್ಥೆಯವರು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. ಐದು ಪ್ರಯೋಗ, 398 ಮಂದಿ. ರಕ್ತದ ಸಕ್ಕರಿ ಇಳಿಸ್ತದ ಅನ್ನಲಿಕ್ಕೆ ಆಧಾರ ಸಿಗಲಿಲ್ಲ. 2017ರಲ್ಲಿ ಅಮೆರಿಕಾದಲ್ಲಿ ಮಾರೋ 19 ಬಾಟ್ಲಿ ಪರೀಕ್ಷೆ ಮಾಡಿದರ ಲೇಬಲ್ಲಿನ ಮೇಲಿದ್ದ ಅಳಂಬಿ ಒಳಗೂ ಖರೇನ ಇದ್ದದ್ದು 5ರಲ್ಲಿ ಮಾತ್ರ. ಚೀಲದ ಮ್ಯಾಲೆ ಒಂದು ಬೀಜ, ಒಳಗ ಇನ್ನೊಂದು. ಆ ಮೋಸ ನಮಗೇನು ಹೊಸದಲ್ಲ.

ಇಷ್ಟನ್ನೂ ಮಾವನ ಮುಂದ ಕೂತು ಹೇಳಿದೆ. ಕಡೀಕ ಒಂದು ಮಾತು ಕೇಳಿದೆ: "ಮಾವಾ, ಆಯಿ ಎಂದಾದರೂ ಆ ತುಂಡನ್ನ ಬಾಯಿಹುಣ್ಣು, ಜೊಲ್ಲು ಬಿಟ್ಟು ಬ್ಯಾರೆ ಬ್ಯಾನಿಗೆ ಕೊಟ್ಟಿದ್ದಳೇನ್ರಿ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ. ನಮ್ಮಪ್ಪನ ಕಾಲಿಗೆ ಕೀವು ಆದಾಗ ಆಕೀನ ಚಕ್ಕಡಿ ಕಟ್ಟಿಸಿ ದವಾಖಾನಿಗೆ ಕರಕೊಂಡು ಹೋಗಿದ್ದಳು" ಅಂದರು. ಮರುದಿನ ನಾವೂ ಹೋದ್ವಿ. ಸಕ್ಕರಿ 380 ಇತ್ತು. ಬೆರಳು ಉಳಿದದ್ದು ಪುಣ್ಯ. ಈಗ ಗುಳಿಗಿ ಮತ್ತ ಶುರು ಆಗ್ಯಾವ, ಗಾಯ ಮೆಲ್ಲಕ ಮಾಯಾಕತ್ತದ.

ಆಯಿ ಅಳಂಬಿಗೆ ಒಂದು ಸಣ್ಣ ಕೆಲಸ ಹೇಳಿದ್ದಳು. ಅದಕ್ಕ ಆಗದ ಕೆಲಸಕ್ಕ ಎಲ್ಲಿ ಹೋಗಬೇಕು ಅನ್ನೋದೂ ಆಕಿಗೆ ಗೊತ್ತಿತ್ತು. ಬಾಟ್ಲಿಯವರು "ಹಿರಿಯರ ಔಷಧ" ಅಂತ ಹೇಳುವಾಗ ಹಿರಿಯರ ಈ ಎರಡನೇ ಬುದ್ಧಿಯನ್ನ ಬಿಟ್ಟು ಹೇಳ್ತಾರ.

ಕೆಲವು ಮಾತು ನೆನಪಿರಲಿ. ಯಾವ ಪುಡಿ ತಗೊಂಡರೂ ಡಾಕ್ಟರಿಗೆ ಹೇಳಿ ತಗೊಳ್ಳಿ, ರಕ್ತ ತೆಳು ಮಾಡೋ ಗುಳಿಗಿ ಇದ್ದವರಂತೂ ಹೇಳಲೇಬೇಕು. ಗುಳಿಗಿ ಬಿಡಬ್ಯಾಡ್ರಿ. ಕೂಸಿನ ಬಾಯಿಹುಣ್ಣು ಎರಡು ದಿನದಾಗ ಕಡಿಮೆ ಆಗದಿದ್ದರ ಸಾಣಿಕಲ್ಲು ಬಿಟ್ಟು ದವಾಖಾನಿಗೆ ನಡೀರಿ. ನಿಮ್ಮ ಹಲಸಿನ ಮರಕ್ಕ ಈ ಗೊರಸಿನ ಅಳಂಬಿ ಬಂದಿದ್ದರ ಒಳಗಿನ ಕಟ್ಟಿಗಿ ಕೊಳೆಯಾಕತ್ತದ ಅಂತ ಅರ್ಥ. ಅದರ ಬುಡಕ್ಕ ದನ ಕಟ್ಟಬ್ಯಾಡ್ರಿ, ಗಾಳಿ ಮಳಿಗೆ ಟೊಂಗಿ ಬೀಳ್ತದ.

ಇನ್ನೊಂದು ಮಾತು. ಬೆಳಗಾವಿಯಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ ಇದೆ, ಇಂಥ ನಾಟಿ ಔಷಧಗಳನ್ನ ಪರೀಕ್ಷೆ ಮಾಡೋದೇ ಅವರ ಕೆಲಸ. ಆದರ ಅವರಿಗೆ ಹೇಳಬೇಕಾದ ಅಜ್ಜಿಯರು ಒಬ್ಬೊಬ್ಬರಾಗಿ ಹೋಗ್ತಿದಾರ. ನಮ್ಮ ಆಯಿಯ ತುಂಡು ಯಾವ ಊರಿನ ಯಾವ ಮರದ್ದು ಅಂತ ನಾನು ಕೇಳಿಟ್ಟುಕೊಳ್ಳಲಿಲ್ಲ. ಡಬ್ಬಿಯೂ ಈಗಿಲ್ಲ. ಕಿತ್ತೂರ, ಖಾನಾಪುರ ಕಡೆಯವರ ಮನಿಯಾಗ ಅಂಥಾ ತುಂಡು ಇನ್ನೂ ಇದ್ದರ, ಯಾವ ಗಿಡದ್ದು, ಎದಕ್ಕ, ಎಷ್ಟು ತೇಯುತ್ತಿದ್ದರು ಅನ್ನೋದನ್ನ ಹಿರಿಯರ ಹತ್ರ ಇವತ್ತೇ ಕೇಳಿ ಬರೆದಿಡ್ರಿ. ನನಗೂ ತಿಳಿಸ್ರಿ.